ನಾನು ಕಿತ್ತೆಸೆದ ಸೊಪ್ಪು

ಸೋಮಾರಿತನಕ್ಕೆ ಒಂದು ಶಾಸ್ತ್ರದ ಬೆಂಬಲ ಸಿಕ್ಕರೆ ಮನುಷ್ಯ ಎಷ್ಟು ಕೊಬ್ಬುತ್ತಾನೆ ಎಂಬುದಕ್ಕೆ ನಾನೇ ಸಾಕ್ಷಿ. ದೊಡ್ಡಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವ ನನಗೆ ಮನೆಯ ಹಿಂದಿನ ಮೂವತ್ತಡಿ ಹಿತ್ತಲು ಬಹಳ ಕಾಲ ಬೈಗುಳದ ಮೂಲವಾಗಿತ್ತು. ಗುಡಿಸುವುದಿಲ್ಲ, ಹುಲ್ಲು ಕೀಳುವುದಿಲ್ಲ ಎಂದು ಹೆಂಡತಿ ಗಿರಿಜೆ ದಿನಕ್ಕೊಮ್ಮೆಯಾದರೂ ನೆನಪಿಸುತ್ತಿದ್ದಳು. ಹೀಗಿರುವಾಗ ಮೊಬೈಲಿನಲ್ಲಿ ಪರ್ಮಾಕಲ್ಚರ್ ಎಂಬ ಮಹಾವಿದ್ಯೆ ಕಣ್ಣಿಗೆ ಬಿತ್ತು. ನೆಲ ಅಗೆಯಬೇಡಿ, ಉದುರಿದ ಎಲೆ ಗುಡಿಸಬೇಡಿ, ಮಣ್ಣು ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ ಎಂದು ಗಡ್ಡದವರೊಬ್ಬರು ಶಾಂತವಾಗಿ ಹೇಳುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ನಾನು ಮಾಡುತ್ತಿದ್ದದ್ದೂ ಅದನ್ನೇ. ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಬದನೆ, ಬೆಂಡೆ, ಟೊಮೆಟೊ ಬೀಜ ತಂದು ಊರಿದೆ. ಮೇಲೆ ಒಣಗಿದ ಎಲೆ ಹೊದಿಸಿ, ಪಾತ್ರೆ ತೊಳೆದ ನೀರನ್ನು ಅತ್ತ ತಿರುಗಿಸಿದೆ. ಆಮೇಲೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಲ್ಲಿ ಕೂರುವುದೇ ಕೆಲಸ. ಎಲೆ ಸರಿಸಿದರೆ ಎರೆಹುಳು ಕಾಣುತ್ತಿತ್ತು, ತೇವದ ವಾಸನೆ ಬರುತ್ತಿತ್ತು. ನಿಜ ಹೇಳುತ್ತೇನೆ, ಅಷ್ಟು ಸುಖ ನನಗೆ ಬಡ್ತಿ ಬಂದ ದಿನವೂ ಆಗಿರಲಿಲ್ಲ. ಇನ್ನಾರು ತಿಂಗಳಿಗೆ ನಮಗೆ ತರಕಾರಿ ಗಾಡಿಯವನ ಹಂಗಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಭಾಷಣವನ್ನೂ ಬಿಗಿದೆ.

ಆರು ತಿಂಗಳಾಯಿತು. ಬಿತ್ತಿದ್ದಕ್ಕಿಂತ ಬಿತ್ತದ್ದೇ ಸೊಂಟದೆತ್ತರ ಬೆಳೆಯಿತು. ಹಾವು ಬರುತ್ತದೆ, ಸಿಮೆಂಟು ಹಾಕಿಸಿಬಿಡೋಣ ಎಂದು ಗಿರಿಜೆ ಹಟ ಹಿಡಿದಳು. ಕುಂದಾಣದಿಂದ ಅವಳ ತಾಯಿ ಭಾನುವಾರ ಬರುವವರಿದ್ದರು. ಅವಮಾನ ತಡೆಯಲಾರದೆ ನಾನು, ನಿಮ್ಮಮ್ಮನಿಗೆ ಈ ಹಿತ್ತಲಿಂದಲೇ ಊಟ ಹಾಕುತ್ತೇನೆ, ಆಗದಿದ್ದರೆ ಸೋಮವಾರವೇ ಸಿಮೆಂಟು ಹಾಕಿಸು ಎಂದುಬಿಟ್ಟೆ. ಅವಳು ತಕ್ಷಣ ಒಪ್ಪಿದಳು. ಅದೇ ನನಗೆ ಭಯ ಹುಟ್ಟಿಸಿತು.

ಭಾನುವಾರ ಬೆಳಿಗ್ಗೆ ಬುಟ್ಟಿ ಹಿಡಿದು ಹೋದರೆ ಸಿಕ್ಕಿದ್ದು ಹುಳ ಹೊಕ್ಕ ಎರಡು ಬದನೆ, ಅಳಿಲು ದೊಡ್ಡ ಮನಸ್ಸು ಮಾಡಿ ಉಳಿಸಿದ್ದ ಅರ್ಧ ಟೊಮೆಟೊ. ಅಷ್ಟರಲ್ಲಿ ಅತ್ತೆ ಬಸ್ಸು ಹತ್ತಿದರೆಂದು ಫೋನು ಬಂತು. ನನ್ನ ಶಾಸ್ತ್ರವೆಲ್ಲ ಕೈಕೊಟ್ಟಿತು. ಊಟವಿಲ್ಲದಿದ್ದರೂ ಹಿತ್ತಲು ಚೊಕ್ಕಟವಾಗಿ ಕಾಣಲಿ ಎಂದು ಪಂಚೆ ಎತ್ತಿ ಕಟ್ಟಿ, ಜೀವನದಲ್ಲಿ ಮೊದಲ ಬಾರಿಗೆ ಕಳೆ ಕಿತ್ತೆ. ಕಾಂಪೌಂಡಿನ ಪಕ್ಕ ನನ್ನೆತ್ತರ ರಾಶಿಯಾಯಿತು.

ಅತ್ತೆ ಬಂದವರು ನೀರು ಕೂಡ ಕುಡಿಯದೆ ಹಿತ್ತಲಿಗೆ ನಡೆದರು. ರಾಶಿ ನೋಡಿ, ಯಾರು ಕಿತ್ತಿದ್ದು ಎಂದು ಕೇಳಿದರು. ನಾನೇ ಎಂದೆ, ಎದೆಯುಬ್ಬಿಸಿ. ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಎಳೆ ಕುಡಿಗಳನ್ನು ಆರಿಸಿ ಸೆರಗಿಗೆ ಹಾಕಿಕೊಳ್ಳತೊಡಗಿದರು.

“ಅಳಿಯಂದ್ರೇ, ಇದು ಅಣ್ಣೆ ಸೊಪ್ಪು, ಇದು ಗಣಿಕೆ, ಇದು ಗೋಣಿ ಸೊಪ್ಪು. ನಮ್ಮೂರಲ್ಲಿ ಹೊಲಕ್ಕೆಲ್ಲ ಕಳೆ ಔಷ್ದಿ ಹೊಡ್ದು, ಹುಡುಕಿದ್ರೂ ಸಿಗಲ್ಲ. ನೀವು ಹಿತ್ತಲು ತುಂಬ ಬೆಳ್ಕೊಂಡು ಕಿತ್ತು ಬಿಸಾಕಿದ್ದೀರಲ್ಲ.”

ಬೆರಕೆ ಸೊಪ್ಪು ಬೇಯಿಸಿ ಮಸೆದ ಮಸ್ಸೊಪ್ಪಿನ ಸಾರು ತಿಂದೇ ಬೆಳೆದವನು ನಾನು. ಐವತ್ತು ವರ್ಷ ತಟ್ಟೆಯಲ್ಲಿ ನೋಡಿದ್ದೆ, ನೆಲದ ಮೇಲೆ ಗುರುತು ಹತ್ತಲಿಲ್ಲ. ಮಧ್ಯಾಹ್ನ ಬಿಸಿ ಮುದ್ದೆಯ ಜೊತೆ ಅದೇ ಮಸ್ಸೊಪ್ಪು ತಟ್ಟೆಗೆ ಬಂತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡದೇ ಇದ್ದದ್ದನ್ನು ಹೊಟ್ಟೆ ತುಂಬ ಉಂಡೆ. ಗಿರಿಜೆ ಎರಡನೇ ಮುದ್ದೆ ಹಾಕಿಕೊಂಡು, ಸಿಮೆಂಟು ಸದ್ಯಕ್ಕೆ ಬೇಡ ಬಿಡಿ ಎಂದಳು. ಉಬ್ಬಿಹೋದ ನಾನು, ಮುಂದೆ ಏನು ಮಾಡಲಿ ಎಂದು ಅತ್ತೆಯನ್ನು ಕೇಳಿದೆ.

“ನೀವೇನೂ ಮಾಡ್ಬೇಡಿ. ಇಷ್ಟು ದಿನ ಇದ್ರಲ್ಲ, ಹಂಗೇ ಇರಿ.”

ಒಂದೆರಡು ಮಳೆಗೆ ಸೊಪ್ಪು ಮತ್ತೆ ಚಿಗುರಿದೆ. ವಾರಕ್ಕೆರಡು ದಿನ ಸಾರು ಹಿತ್ತಲಿನದೇ; ಸೊಪ್ಪು ಮಾರುವಾಕೆ ನಮ್ಮ ಬಾಗಿಲಲ್ಲಿ ಕೂಗುವುದನ್ನೇ ಬಿಟ್ಟಿದ್ದಾಳೆ. ನಾನು ಸುಖಿ. ಆದರೆ ಕೂತಿರಿ ಎಂದು ಅತ್ತೆ ಹೇಳಿದ ಮೇಲೆ ಯಾಕೋ ಕೈ ಸುಮ್ಮನಿರುವುದಿಲ್ಲ. ಮೊನ್ನೆ ಪೇಟೆಯಿಂದ ಹೊಸ ಗುದ್ದಲಿ ತಂದೆ. ಗಿರಿಜೆ ಅದನ್ನು ಅಟ್ಟಕ್ಕೆ ಹಾಕಿದಳು. ಹಿತ್ತಲ ಬಾಗಿಲ ಸದ್ದಾದರೆ ಸಾಕು, ಏನೂ ಮುಟ್ಟಬೇಡಿ ಎಂದು ಒಳಗಿಂದ ಕೂಗುತ್ತಾಳೆ. ಇಪ್ಪತ್ತೈದು ವರ್ಷ ಕೂತದ್ದಕ್ಕೆ ಬೈಸಿಕೊಂಡವನು ಈಗ ಎದ್ದದ್ದಕ್ಕೆ ಬೈಸಿಕೊಳ್ಳುತ್ತಿದ್ದೇನೆ.