ಮಗ್ಗದ ಮಾಮ ಮತ್ತು ಮೂವರು ಹಾಡುರಾಣಿಯರು

ನಮ್ಮ ಸೋದರಮಾವನಿಗೆ ಕಿವಿ ಕೇಳುವುದಿಲ್ಲ. ಆದರೆ ಇಡೀ ಬನಹಟ್ಟಿಯಲ್ಲಿ ಹಾಡುಗಾರ್ತಿಯರ ವಿಷಯ ಬಂದರೆ ಅವನ ಮಾತೇ ಕೊನೆಯ ಮಾತು! ಯಾರು ದೊಡ್ಡವಳು, ಯಾರು ಸಣ್ಣವಳು, ಯಾರ ಕಾಲದಲ್ಲಿ ಊರು ಹೆಚ್ಚು ಹುಚ್ಚೆದ್ದಿತ್ತು ಎಂಬ ತಕರಾರುಗಳೆಲ್ಲ ಅವನ ಕಟ್ಟೆಗೇ ಬರುತ್ತವೆ. ಕಿವುಡನ ಹತ್ತಿರ ಸಂಗೀತದ ನ್ಯಾಯವೇ ಎಂದು ನಗಬೇಡಿ. ನಾನೂ ಮೊದಲು ನಕ್ಕೆ. ಮಾಮ ಹೇಳಿದ: "ಲೇ ಅಳಿಯಾ, ಕಿವಿ ಇದ್ದಾವರು ಒಬ್ಬಾಕಿ ಕಡೆ ವಾಲ್ತಾರ. ನಂಗ ಎಲ್ಲಾರೂ ಅಷ್ಟ. ಒಬ್ಬಾಕೀದೂ ಕೇಳೂದುಲ್ಲ!"

ಇದಕ್ಕಿಂತ ನಿಷ್ಪಕ್ಷಪಾತಿ ನ್ಯಾಯಾಧೀಶ ಎಲ್ಲಿ ಸಿಗಬೇಕು ಹೇಳಿ?

ಅವನ ಕಿವಿ ಹೋದದ್ದು ಮಗ್ಗದಿಂದ. ಎಂಟು ಪವರ್‌ಲೂಮ್‌ಗಳ ನಡುವೆ ನಲವತ್ತು ವರ್ಷ ನಿಂತವನಿಗೆ ಕಿವಿ ಉಳಿದರೆ ಅದೇ ಪವಾಡ. ಮಗ್ಗ ನಡೆಯುವಾಗ ಅಲ್ಲಿ ಮಾತೇ ಇಲ್ಲ, ಬರೀ ಕೈಸನ್ನೆ ಮತ್ತು ತುಟಿ. ಎದುರಿನವನ ತುಟಿ ನೋಡಿಯೇ ಮಾಮ ಅವನ ಮನೆಯ ಸಾರಿಗೆ ಉಪ್ಪು ಕಡಿಮೆಯಾದದ್ದನ್ನೂ ತಿಳಿಯಬಲ್ಲ. ಹೊರಗೆ ಬಂದರೆ ಮಾತ್ರ ಎಲ್ಲರೂ ಕೂಗುವವರೇ. ಬನಹಟ್ಟಿಯಲ್ಲಿ ಗುಟ್ಟು ಹೇಳಿದರೆ ಪಕ್ಕದೂರು ರಬಕವಿಯವರಿಗೆ ಮೊದಲು ಗೊತ್ತಾಗುತ್ತದೆ! ಎಲ್ಲರಿಗಿಂತ ದೊಡ್ಡ ಗಂಟಲು ನಮ್ಮ ಅತ್ತೆಯದು, ಅಂದರೆ ಮಾಮನ ಹೆಂಡತಿಯದು. ಹದಿನೈದು ವರ್ಷದಿಂದ ಗಂಡನಿಗೆ ಕೇಳಿಸಲೆಂದು ಕೂಗಿ ಕೂಗಿ ಆಕೆಯ ಗಂಟಲು ಹಾಗಾಗಿದೆ. ಅಡಿಗೆಮನೆಯಿಂದ ಆಕೆ "ಚಾ ಮಾಡ್ಲೇನ್ರೀ?" ಎಂದರೆ ಪಕ್ಕದ ಮೂರು ಮನೆಯವರು "ಬ್ಯಾಡ್ರಿ ಅಕ್ಕಾರ, ಈಗ ಕುಡದೇವಿ" ಎಂದು ಉತ್ತರ ಕೊಡುತ್ತಾರೆ. ಮಾಮ ಮಾತ್ರ ಸುಮ್ಮನೆ ಕೂತಿರುತ್ತಾನೆ. ಅವನು ಆಕೆಯನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾನೆ. ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಆ ಮನೆಯಲ್ಲಿಲ್ಲ.

ಕಿವಿಗೆ ಮಷಿನ್ ಹಾಕಿಸಿಕೋ ಎಂದು ಮನೆಯವರು ಬೇಡಿಕೊಂಡದ್ದಕ್ಕೆ ಲೆಕ್ಕವಿಲ್ಲ. "ಕೇಳೂವಂಥಾದ್ದು ಎಲ್ಲಾ ಕೇಳೇ ಕಿವುಡ ಆಗೇನಿ. ಇನ್ನೇನ ಉಳದೈತಿ?" ಎಂದು ಕೈ ಝಾಡಿಸಿ ಮಗ್ಗಕ್ಕೆ ಹೋಗಿಬಿಡುತ್ತಿದ್ದ.

ಈಗ ಹಾಡುಗಾರ್ತಿಯರಿಗೂ ಇವನಿಗೂ ಏನು ಸಂಬಂಧ ಎಂದು ಹೇಳಬೇಕು. ಹೊಸ ನಮೂನೆಯ ಸೀರೆ ಮಗ್ಗದಿಂದ ಇಳಿದರೆ ಅದಕ್ಕೊಂದು ಹೆಸರಿಡಬೇಕು. ಹೆಸರಿಲ್ಲದ ಸೀರೆಯನ್ನು ಅಂಗಡಿಯಲ್ಲಿ ಹೆಂಗಸರು ಕೇಳುವುದಾದರೂ ಹೇಗೆ? ನಮ್ಮ ಅಜ್ಜನ ಕಾಲದಿಂದ ಈ ಮನೆಯ ಸೀರೆಗಳಿಗೆಲ್ಲ ಆಯಾ ಕಾಲದ ಹಾಡುಗಾರ್ತಿಯರ ಹೆಸರು. ಆ ಹೆಸರುಗಳನ್ನು ಇಲ್ಲಿ ಬರೆದರೆ ಅವರ ಅಭಿಮಾನಿಗಳು ನನ್ನ ಮನೆಗೆ ಬಂದಾರು. ಆದ್ದರಿಂದ ನಾಟಕ ಕಂಪನಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ ಜೊತೆ ಹಾಡುತ್ತಿದ್ದವಳನ್ನು ಪೇಟಿರಾಣಿ ಎನ್ನೋಣ. ಆಕೆ ನಮ್ಮ ಆಯಿಯ ದೇವರು, ಅಂದರೆ ಮಾಮನ ತಾಯಿಯ ದೇವರು. ಸಿನಿಮಾ ಹಾಡಿನವಳು ಕ್ಯಾಸೆಟ್‌ರಾಣಿ, ಅತ್ತೆಯ ಪಕ್ಷ. ಈಗ ಪರದೇಶದಲ್ಲೆಲ್ಲೋ ಕುಣಿಯುತ್ತ ಹಾಡುವ ಪಾಪ್ ತಾರೆ ಮೊಬೈಲ್‌ರಾಣಿ. ಆಕೆ ಜಮಖಂಡಿಯಲ್ಲಿ ಕಾಲೇಜು ಓದುವ ಮಾಮನ ಮಗಳ ಉಸಿರು.

ಮೊನ್ನೆ ಮೊನ್ನೆ ಮಾಮ ಒಂದು ಹೊಸ ಸೀರೆ ನೇಯ್ದ. ಮಾವಿನ ತಳಿರಿನ ಬಣ್ಣ, ಅಂಚಿಗೆ ಸಣ್ಣ ದಡಿ, ನೋಡಿದರೆ ಕಣ್ಣು ಕೀಳುವ ಹಾಗಿಲ್ಲ. ಹೆಸರಿಡುವ ವಿಷಯದಲ್ಲಿ ಮನೆ ಮೂರು ಪಾಲಾಯಿತು. ಸೀರೆ ಕೊಳ್ಳುವ ಮಹಾಲಿಂಗಪುರದ ಸಾವಕಾರರು ದಿನಾ ಫೋನು ಮಾಡಿ "ಹೆಸರ ಏನ ಮಾಡಿದ್ರಿ? ಚೀಟಿ ಹಚ್ಚಬೇಕಾಗೇತಿ" ಎಂದು ಮಗಳ ತಲೆ ತಿನ್ನುತ್ತಿದ್ದರು. ಅವರ ಫೋನು ಎತ್ತಿ ತಂದೆಗೆ ಸನ್ನೆಯಲ್ಲಿ ಹೇಳುವ ಕೆಲಸ ಅವಳದೇ.

ಮಾಮ ನ್ಯಾಯಕ್ಕೆ ಕೂತ. ಅವನ ಅಳತೆ ನೇಕಾರನ ಅಳತೆ, ಅಂದರೆ ಮೊಳ!

"ಪೇಟಿರಾಣಿ ಹದಿನೆಂಟ ಮೊಳದ ಸೀರಿ ಉಡ್ತಿದ್ಲು. ಊರ ಹೆಂಗಸರೆಲ್ಲಾ ಹದಿನೆಂಟ ಉಟ್ರು. ಕ್ಯಾಸೆಟ್‌ರಾಣಿ ಹನ್ನೆರಡಕ್ಕ ಇಳಿಸಿದ್ಲು. ಈ ನಿನ್ನಾಕಿ ಏನ ಉಡ್ತಾಳ? ಒಂದೂವರಿ ಮೊಳ! ಆಕೀನ ನಂಬಿದ್ರ ಬನಹಟ್ಟ್ಯಾಗ ಮಗ್ಗ ಇರೂದುಲ್ಲ, ಬರೇ ಗುಡಿ ಇರತೈತಿ!"

ಮಗಳು ಸೋಲುವವಳಲ್ಲ. "ಅಪ್ಪಾ, ಆಕಿ ಹಿಂದ ಅರವತ್ತ ಮಂದಿ ಕುಣೀತಾರ. ಅವರ ಬಟ್ಟಿ ಲೆಕ್ಕಕ್ಕ ಹಿಡಿ. ಸ್ಟೇಜಿನ ಪರದೆ ಹಿಡಿ. ಅದ ಒಂದ ನಮ್ಮ ಓಣಿ ಅಷ್ಟ ಉದ್ದ ಐತಿ."

ಮಾಮ ಬೆರಳು ಮಡಚಿ ಲೆಕ್ಕ ಹಾಕಿದ. ಮುಖ ಬದಲಾಯಿತು. ಪರದೆಯೊಂದೇ ಇವನ ಮಗ್ಗಗಳಿಗೆ ಒಂದು ವರ್ಷದ ಕೆಲಸ! ಮೊಬೈಲ್‌ರಾಣಿ ಗೆದ್ದೇಬಿಟ್ಟಳು ಎನ್ನುವಾಗ ಮೂಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಆಯಿ ತಲೆಯೆತ್ತಿದಳು.

"ಲೇ ತಮ್ಮಾ, ಪರದೆ ಅಂದ್ರ ನಮ್ಮ ಕಂಪನೀವು ನೋಡಬೇಕಿತ್ತು. ದರ್ಬಾರದ್ದೊಂದು, ಅಡವೀದೊಂದು, ಸೆರಿಮನೀದೊಂದು, ಕೈಲಾಸದ್ದೊಂದು. ಏಳ ಪರದೆ ಎತ್ತೂತನಾ ಆಕೀದು ಒಂದ ಹಾಡ ಮುಗೀತಿದ್ದಿಲ್ಲ!"

ಮತ್ತೆ ಬೆರಳು, ಮತ್ತೆ ಲೆಕ್ಕ. ಮೂರು ದಿನವಾದರೂ ತೀರ್ಪು ಬರಲಿಲ್ಲ. ನಾಲ್ಕನೆಯ ದಿನ ಮಾಮ ಅಳತೆಯನ್ನೇ ಬದಲಿಸಿ, ಓಣಿಯ ನಡುವೆ ನನ್ನನ್ನು ನಿಲ್ಲಿಸಿ, ಒಬ್ಬೊಬ್ಬಳ ಹೆಸರು ಕೂಗಲು ಹೇಳಿದ. ಪೇಟಿರಾಣಿಯ ಹೆಸರಿಗೆ ಒಬ್ಬ ಮುದುಕಿ ಕಿಟಕಿಯಿಂದ ಇಣುಕಿದಳು. ಕ್ಯಾಸೆಟ್‌ರಾಣಿಯ ಹೆಸರಿಗೆ ಐದು ಬಾಗಿಲು ತೆರೆದವು, ಹೊರಬಂದವರಲ್ಲಿ ಒಬ್ಬಾಕೆಯ ಕೈಯಲ್ಲಿ ಲಟ್ಟಣಿಗೆಯಿತ್ತು. ಮೊಬೈಲ್‌ರಾಣಿಯ ಹೆಸರು ಕೂಗಿದರೆ ಒಂದು ನಾಯಿ ಓಡಿಬಂತು. ಅದಕ್ಕೆ ಆ ಹೆಸರಿಟ್ಟವಳು ಬೇರೆ ಯಾರೂ ಅಲ್ಲ, ಮಾಮನ ಮಗಳೇ! "ನಾಯಿ ಹೆಸರ ಲೆಕ್ಕಕ್ಕ ಬರೂದುಲ್ಲ" ಎಂದು ಅತ್ತೆ. "ಮುಧೋಳ ನಾಯಿ ಐತಿ, ಬೀದಿನಾಯಿ ಅಲ್ಲ" ಎಂದು ಮಗಳು. ನ್ಯಾಯ ಮತ್ತೆ ಮುಂದಕ್ಕೆ ಹೋಯಿತು.

ಮಾಮ ಇಷ್ಟು ಹಿಂದೆಮುಂದೆ ನೋಡಲು ಕಾರಣವಿತ್ತು. ಹಿಂದೊಮ್ಮೆ ಅವನಿಂದ ಘೋರ ತಪ್ಪಾಗಿತ್ತು. ಟಿವಿಯಲ್ಲಿ ಹಾಡು ಬಂದಾಗ ತುಟಿ ನೋಡಿ ತಿಳಿಯುವವನಲ್ಲವೇ? ಪರದೆಯ ಮೇಲೆ ತುಟಿ ಆಡಿಸಿದ ನಾಯಕಿಯೇ ಹಾಡಿದವಳೆಂದು ನಂಬಿ, ಕ್ಯಾಸೆಟ್‌ರಾಣಿಯ ಸೀರೆಗೆ ಆ ನಾಯಕಿಯ ಹೆಸರಿಟ್ಟುಬಿಟ್ಟಿದ್ದ. ಹಾಡುವವಳು ಬೇರೆ, ಬಾಯಿ ಆಡಿಸುವವಳು ಬೇರೆ ಎಂದು ಅತ್ತೆ ತಿಳಿಸಿದಾಗ ಅವನು ಕುಸಿದು ಕೂತ. "ಅಂದ್ರ ನೇಯ್ದಾಕಿ ಒಬ್ಬಾಕಿ, ಉಟ್ಟಗೊಂಡ ಮೆರದಾಕಿ ಒಬ್ಬಾಕಿ!" ಎಂದು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ನೇಕಾರನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಯಾವುದು? ತಾನೇ ಅಂಗಡಿ ಅಂಗಡಿ ತಿರುಗಿ ಚೀಟಿ ಬದಲಿಸಿ ಬಂದ. ಅಂದಿನಿಂದ ತುಟಿ ನೋಡುವುದನ್ನು ಬಿಟ್ಟು ಗಂಟಲು ನೋಡತೊಡಗಿದ.

ಈ ಗಂಟಲು ನೋಡುವ ಚಟ ಜಮಖಂಡಿಯಲ್ಲಿ ಮಗಳ ಮಾನ ತೆಗೆಯಿತು. ಒಂದು ಸಂಜೆ ಅಲ್ಲಿಯ ಮೈದಾನದಲ್ಲಿ ಮೊಬೈಲ್‌ರಾಣಿಯ ಹಾಡುಗಳನ್ನೇ ಹಾಡುವ ಒಬ್ಬ ಗಾಯಕಿಯ ಕಾರ್ಯಕ್ರಮ. ನಾವೆಲ್ಲ ಹೋದೆವು. ಜನ ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿದ್ದಾರೆ. ಮಾಮ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತು ಆಕೆಯ ಕುತ್ತಿಗೆಯನ್ನೇ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಎದ್ದು ನಿಂತು, ಎಂಟು ಮಗ್ಗ ಮೀರಿಸುವ ದನಿಯಲ್ಲಿ ಕೂಗಿದ:

"ಈಕಿ ಹಾಡಾಕತ್ತಿಲ್ರೋ! ಗಂಟಲಾ ಅಲ್ಲಾಡವಲ್ದು!"

"ಅಪ್ಪಾ, ಕೂಡೋ ಮಾರಾಯಾ!" ಎಂದು ಮಗಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಹಿಂದಿನವರು "ಕಿವುಡ ಮುದುಕಗ ಯಾಂವ ಟಿಕೆಟ್ ಕೊಟ್ಟಾಂವ?" ಎಂದು ಬೈದರು. ಅಷ್ಟರಲ್ಲಿ ಆ ಗಾಯಕಿಗೆ ಬಾಯಾರಿರಬೇಕು, ಬಾಟಲಿ ಎತ್ತಿ ಗಟಗಟ ನೀರು ಕುಡಿದಳು. ಹಾಡು ಮಾತ್ರ ನಿಲ್ಲಲಿಲ್ಲ! ಕಿವಿಯಿದ್ದ ಸಾವಿರ ಜನಕ್ಕೆ ತಿಳಿಯದ್ದು ಕಿವುಡನೊಬ್ಬನಿಗೆ ತಿಳಿದಿತ್ತು. ಅಂದಿನಿಂದ ಅವನ ಖ್ಯಾತಿ ಬೀಳಗಿಯವರೆಗೆ ಹಬ್ಬಿತು.

ಇಷ್ಟು ಖ್ಯಾತಿ ಬಂದವನು ಕಿವಿಗೆ ಮಷಿನ್ ಹಾಕಿಸಿಕೊಳ್ಳುತ್ತಾನೆಯೇ? ಹೆಸರಿನ ನ್ಯಾಯ ಇನ್ನೂ ಮುಗಿಯದಿರುವಾಗ ಅವನನ್ನು ಕೊನೆಗೆ ಒಪ್ಪಿಸಿದ್ದು ಒಂದು ಕಬ್ಬಿನ ಟ್ರ್ಯಾಕ್ಟರು. ನಮ್ಮ ಕಡೆಯ ಕಬ್ಬಿನ ಟ್ರ್ಯಾಕ್ಟರು ನಿಮಗೆ ಗೊತ್ತಲ್ಲ, ಹಿಂದೆ ಎರಡು ಟ್ರೇಲರ್, ಮುಂದೆ ಮನೆಯಷ್ಟು ದೊಡ್ಡ ಸ್ಪೀಕರು. ಮೊಬೈಲ್‌ರಾಣಿಯ ಹಾಡು ಹಚ್ಚಿಕೊಂಡು ಅದು ಬರುತ್ತಿತ್ತು. ಕಿಟಕಿಯ ಗಾಜು ನಡುಗಿದವು, ಮಲಗಿದ ಎಮ್ಮೆ ಎದ್ದು ನಿಂತವು. ರಸ್ತೆಯ ನಡುವೆ ನೂಲಿನ ಗಂಟು ಹೊತ್ತು ನಡೆಯುತ್ತಿದ್ದ ಮಾಮ ಮಾತ್ರ ತಿರುಗಲಿಲ್ಲ. ಬಾಗಿಲಲ್ಲಿದ್ದ ಅತ್ತೆ ಕೂಗಿದಳು, ಇಡೀ ಓಣಿ ಹೊರಗೆ ಬಂತು, ಅವನೊಬ್ಬನಿಗೆ ಕೇಳಿಸಲಿಲ್ಲ. ಡ್ರೈವರನು ಹೇಗೋ ಗಟಾರಿನ ಕಡೆ ತಿರುಗಿಸಿದ. ಟ್ರೇಲರು ಮಾಮನ ಅಂಗಿಯ ತೋಳು ಸವರಿ ಹೋಯಿತು.

ಮನೆಯೊಳಗೆ ಬಂದ ಮೇಲೆ ಅತ್ತೆ ಕೂಗಲಿಲ್ಲ, ಬೈಯಲಿಲ್ಲ. ಹರಿದ ತೋಳನ್ನು ಹಿಡಿದು ಅವನ ಮುಂದೆ ಸುಮ್ಮನೆ ಕೂತಳು. ಆಕೆಯ ತುಟಿ ಆಡಲೇ ಇಲ್ಲವಾದ್ದರಿಂದ ಮಾಮನಿಗೆ ಓದಲು ಏನೂ ಇರಲಿಲ್ಲ. ಮರುದಿನ ತಾನೇ ಮುಧೋಳದ ಬಸ್ಸು ಹತ್ತಿದ.

ಮುಧೋಳದ ಡಾಕ್ಟರು ಮಷಿನ್ ಕೊಟ್ಟು, "ಮೊದಲ ದಿನ ಮಗ್ಗದ ಕಡೆ ಹೋಗಬ್ಯಾಡ್ರಿ. ಶಾಂತ ಇದ್ದಲ್ಲಿ ಕುಂತು ಗುರ್ತಿನ ದನಿ ಒಂದೀಟು ಕೇಳ್ರಿ" ಎಂದರಂತೆ. ಬನಹಟ್ಟಿಯಲ್ಲಿ ಶಾಂತ ಜಾಗ! ಕರೆಂಟು ಇಲ್ಲದ ದಿನಕ್ಕಾಗಿ ಕಾದೆವು. ಆ ದಿನ ಬಂದಾಗ ಊರಿಗೆ ಊರೇ ಉಸಿರು ಹಿಡಿದಂತಿತ್ತು. ಆದರೆ ಗುರುತಿನ ದನಿ ಯಾವುದು? ಮೂವರು ಹೆಂಗಸರೂ ತಮ್ಮ ತಮ್ಮ ರಾಣಿಯದೇ ಎಂದುಕೊಂಡು, ಮೊಬೈಲುಗಳಲ್ಲಿ ಹಾಡು ತುಂಬಿಸಿಕೊಂಡು ಸಾಲಾಗಿ ಕೂತಿದ್ದರು. ಇನ್ನು ಅಳತೆ, ಪರದೆ, ನಾಯಿ ಯಾವುದೂ ಬೇಡ. ನ್ಯಾಯಾಧೀಶನಿಗೇ ಕಿವಿ ಬಂದಿದೆ!

ಮೊದಲು ಆಯಿಯ ಸರದಿ. ಪೇಟಿರಾಣಿ ಆಲಾಪ ಎತ್ತಿದಳು. ಮಾಮ ಮುಖ ಕಿವಿಚಿ, "ಯವ್ವಾ, ಈಕೀಗೆ ಯಾರ ಹೊಡದ್ರು?" ಎಂದ. ಆಯಿ ಅಡಿಕೆ ಕುಟ್ಟುವ ಕಲ್ಲು ಹುಡುಕತೊಡಗಿದಳು.

ಆಮೇಲೆ ಮಗಳದು. ಮೊಬೈಲ್‌ರಾಣಿಯ ಹಾಡು ಢಬ್ ಢಬ್ ಎಂದು ಶುರುವಾದದ್ದೇ ಮಾಮನ ಮುಖ ಅರಳಿತು. "ಇದು ಗೊತ್ತೈತಿ ನಂಗ! ಇದು ನಮ್ಮ ಮೂರನೇ ನಂಬರ್ ಮಗ್ಗ!" ಎಂದ. ಮಗಳು ಮೊಬೈಲು ಎತ್ತಿಕೊಂಡು ಒಳಗೆ ಹೋದಳು.

ಉಳಿದದ್ದು ಕ್ಯಾಸೆಟ್‌ರಾಣಿ. ಅತ್ತೆ ಹಾಡು ಹಚ್ಚಿದಳು. ಮಾಮ ಕಣ್ಣುಮುಚ್ಚಿ ಕೇಳಿದ. ಪಲ್ಲವಿ ಮುಗಿಯುವ ಮೊದಲೇ ತಲೆಯಾಡಿಸಿ ಹೇಳಿದ:

"ಈಕಿ ತಪ್ಪ ಹಾಡ್ತಾಳ."

"ಏನು?" ಅತ್ತೆಗೆ ಸಿಟ್ಟು ಬಂತು. "ದೇಶಾನ ಮೆಚ್ಚೇತಿ ಆಕೀನ!"

"ಮೆಚ್ಚಲಿ. ಇಲ್ಲಿ ಹಿಂಗ ಎಳೀಬಾರದು. ನೀ ಕಂಡಿಕಿ ಸುತ್ತೂವಾಗ ಇದನ್ನ ಹಾಡ್ತಿದ್ದೆಲ್ಲ, ನೂಲ ಹರದಾಗ ನಿಂದರತಿದ್ದಿ, ಗಂಟ ಹಾಕಿ ಮುಂದ ಹಾಡ್ತಿದ್ದಿ. ಖರೆ ಹಾಡ ಅದು. ಈಕಿಗೆ ಎಲ್ಲಿ ನಿಂದರಬೇಕು ಗೊತ್ತಿಲ್ಲ."

ನನಗೆ ನಗು ಬಂತು, ಯಾರೂ ನಗಲಿಲ್ಲ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ರಾಟಿ ಆ ಮನೆಯ ಅಟ್ಟ ಸೇರಿ ಯಾವ ಕಾಲವಾಯಿತು! ಮಾಮ ಅತ್ತೆಯ ಕಡೆ ತಿರುಗಿ, "ನೀ ಏನರ ಅನ್ನು" ಎಂದ. ಹದಿನೈದು ವರ್ಷದ ರೂಢಿ ಎಲ್ಲಿ ಹೋಗಬೇಕು? "ಏನ್ ಅನ್ಲಿರೀ!" ಎಂದು ಆಕೆ ಕೂಗಿದ ರಭಸಕ್ಕೆ ಮಾಮ ಕುರ್ಚಿಯಿಂದ ಎದ್ದು ನಿಂತು ಮಷಿನ್ ಕಿತ್ತುಕೊಂಡ. ಆಯಿ ಹೊಟ್ಟೆ ಹಿಡಿದು ನಕ್ಕಳು. ಅವನು ಮಷಿನ್ ಒರೆಸಿ ಮತ್ತೆ ಹಾಕಿಕೊಂಡು ಕೂತ. ಮೆಲ್ಲಗೆ ಮಾತಾಡುವುದು ಹೇಗೆಂದು ಅತ್ತೆ ಮರೆತೇಬಿಟ್ಟಿದ್ದಳೋ ಏನೋ, ಸೆರಗಿನಿಂದ ಬಾಯಿ ಒತ್ತಿಕೊಂಡು, ದನಿ ತಗ್ಗಿಸಿ ಹೇಳಿದಳು: "ಊಟ ಮಾಡೋಣ ಏಳ್ರಿ."

ಮಾಮ ಏಳಲಿಲ್ಲ. ಆಕೆಯ ಮುಖವನ್ನೇ ನೋಡುತ್ತ ಕೂತ.

"ನಿನ್ನ ದನಿ ಯಾವಾಗ ಮುದುಕಿ ಆತು?" ಎಂದು ಕೇಳಿದ.

ಅವನ ಕಿವಿಯಲ್ಲಿ ಅಷ್ಟು ವರ್ಷವೂ ಆಕೆ ಕಂಡಿಕೆ ಸುತ್ತುವ ಹರೆಯದ ಹೆಂಗಸಾಗಿಯೇ ಉಳಿದಿದ್ದಳು. ನಡುವಿನ ದನಿಯೆಲ್ಲ ಅವನಿಗೆ ಸಿಗದೇ ಹೋಗಿತ್ತು. ನನಗೆ ಅಳು ಬಂತು. ಸುಳ್ಳು ಯಾಕೆ ಹೇಳಲಿ, ಆಯಿಯ ಮುಂದೆಯೇ ಅತ್ತುಬಿಟ್ಟೆ.

ಅಷ್ಟರಲ್ಲಿ ಮಹಾಲಿಂಗಪುರದ ಸಾವಕಾರರ ಫೋನು. ಮಗಳು ಎತ್ತಲು ಹೊರಗೆ ಬಂದಳು. ಮಾಮ ಕೈ ಚಾಚಿ ಫೋನು ತಾನೇ ತೆಗೆದುಕೊಂಡ. ಸೀರೆಯ ಹೆಸರು ಏನು ಎಂದು ಅವರು ಕೇಳಿದ್ದು ಅವನಿಗೆ ಸರಿಯಾಗಿಯೇ ಕೇಳಿಸಿತು. ಅವನು ಹೇಳಿದ. ಅದು ಯಾವ ರಾಣಿಯ ಹೆಸರೂ ಅಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ನಿಲ್ಲಿಸಿ ಜೋಡಿಯ ಹೆಸರು ಹೆಣೆಯುವ ಒಡಪಿನ ಪದ್ಯದಲ್ಲಿ ಒಮ್ಮೆ ಹೇಳಿಸಿದ್ದು ಬಿಟ್ಟರೆ ಅವನು ಬಾಯಿಬಿಟ್ಟು ಹೇಳದ ಹೆಸರು. ಎಂಟು ಮಗ್ಗಗಳ ನಡುವೆ ಹೇಳುವಂತೆ, ಊರಿಗೆಲ್ಲ ಕೇಳುವಂತೆ ಹೇಳಿದ.

ಅತ್ತೆ ನಾಚಿ ಬಾಗಿಲ ಹಿಂದೆ ಸರಿದಳು. "ಸಾವಕಾಶ ಅನ್ರೀ, ಮಂದಿ ಕೇಳ್ಯಾರು!" ಎಂದಳು, ಮೆಲ್ಲಗೆ.

"ಕೇಳ್ಲಿ ಬಿಡು," ಎಂದ ಮಾಮ. "ಈಗ ನಂಗೂ ಕೇಳತೈತಿ."