ಗ್ರೀಸ್ ಕುಡಿಯದ ಗಾಡಿಗಳು

ಟ್ರ್ಯಾಕ್ಟರೋ ಜೀಪೋ ಮಣ್ಣು ಅಗೆಯುವ ಯಂತ್ರವೋ, ಯಾವುದೇ ಆಗಲಿ, ಅದರ ಒಂದೊಂದು ಕೀಲಿಗೂ ಗ್ರೀಸ್ ಕುಡಿಯಲು ಕಡಲೆಕಾಳಿನಷ್ಟು ಬಾಯಿ ಇರುತ್ತದೆ. ನಾವು ನಿಪ್ಪಲ್ ಅನ್ನುತ್ತೇವೆ. ಆ ಬಾಯಿಗೆ ಜನ ಸಿಕ್ಕಿದ್ದೆಲ್ಲ ತುರುಕಿ, ಆಮೇಲೆ ನನಗೆ ಫೋನ್ ಮಾಡುತ್ತಾರೆ. ಶಿರಾದಿಂದ ಪಾವಗಡದವರೆಗೆ ಬೈಕಿನಲ್ಲಿ ಗ್ರೀಸ್ ಗನ್ ಹೊತ್ತು ತಿರುಗುವ ನನಗೆ ಅನ್ನವೂ ಇದರಿಂದಲೇ, ತಲೆನೋವೂ ಇದರಿಂದಲೇ.

ಪೂಜೆ ಆದ ಗಾಡಿ

ಕೊರಟಗೆರೆ ಕಡೆಯ ಯಜಮಾನರೊಬ್ಬರು ಆಯುಧಪೂಜೆ ಮುಗಿದ ಮೇಲೆ ಕರೆಸಿದರು. ಟ್ರ್ಯಾಕ್ಟರಿನ ಸ್ಟೇರಿಂಗ್ ತಿರುಗಿಸಲು ಇಬ್ಬರು ಬೇಕಂತೆ. ಬಗ್ಗಿ ನೋಡಿದೆ. ಒಂದು ನಿಪ್ಪಲ್ಲನ್ನೂ ಬಿಟ್ಟಿರಲಿಲ್ಲ, ಎಲ್ಲದಕ್ಕೂ ಅರಿಶಿನ, ಅದರ ಮೇಲೆ ಕುಂಕುಮ. ಗ್ರೀಸಿನ ಜೊತೆ ಸೇರಿ ಸಿಮೆಂಟಾಗಿತ್ತು. ಸೂಜಿಯಲ್ಲಿ ಕೆದಕುತ್ತಾ, ಮುಂದಿನ ವರ್ಷ ಬಾನೆಟ್ಟಿಗೆ ಮಾತ್ರ ಇಡಿ ಅಂದೆ.

"ಬಾನೆಟ್ ಏನ್ಲಾ ಕೆಲ್ಸ ಮಾಡ್ತದೆ? ದುಡಿಯೋದು ಕೀಲು. ದುಡಿಯೋರ್ಗೆ ಪೂಜೆ ಬ್ಯಾಡ್ವಾ?"

ಮಾತು ಸರಿಯಾಗಿಯೇ ಇತ್ತು. ಗಾಡಿ ಮಾತ್ರ ಕೆಟ್ಟು ನಿಂತಿತ್ತು.

ಅಜ್ಜನ ಕೀಲೆಣ್ಣೆ

ನಿಡುಗಲ್ಲಿನ ಅಜ್ಜನೊಬ್ಬ ಎತ್ತಿನಗಾಡಿ ಮಾರಿದ್ದ, ಕೀಲೆಣ್ಣೆಯ ಮೇಲಿನ ನಂಬಿಕೆ ಮಾರಿರಲಿಲ್ಲ. ಅಂಗಡಿ ಗ್ರೀಸೆಲ್ಲ ಕಲಬೆರಕೆ ಎಂದು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ, ಮಗನ ಟ್ರ್ಯಾಕ್ಟರಿಗೆ ಹೊಡೆದಿದ್ದ. ಬೂದಿ ಕಚ್ಚಿಕೊಂಡು ಎಲ್ಲ ಬಾಯಿಯೂ ಬಂದ್. ನಾನು ನಿಪ್ಪಲ್ಲುಗಳನ್ನು ಬಿಚ್ಚಿ ಡೀಸೆಲ್ಲಿನಲ್ಲಿ ನೆನೆಹಾಕಿದೆ. ತಪ್ಪು ಯಾರದು ಎಂಬ ಬಗ್ಗೆ ಅಜ್ಜನಿಗೆ ಅನುಮಾನವೇ ಇರಲಿಲ್ಲ. ಮಗನನ್ನು ಕರೆದು ಹೇಳಿದ:

"ನಮ್ ಗಾಡಿ ಒಂದಿನಾನೂ ಇಂಗ್ ಮಾಡಿರ್ಲಿಲ್ಲ ಕಣ್ಲಾ. ಇದನ್ನ ಮಾರ್ಬುಡು."

ಮ್ಯಾನೇಜರ ಮುಖ

ಬಲಸಮುದ್ರದ ಹತ್ತಿರ ಸೋಲಾರ್ ಕೆಲಸದ ಗಾಡಿಗಳಿಗೆ ವರ್ಷಪೂರ್ತಿ ಗ್ರೀಸ್ ಹೊಡೆಯುವ ಗುತ್ತಿಗೆಯ ಮೇಲೆ ನನಗೆ ಬಹಳ ಆಸೆ. ಸಿಕ್ಕರೆ ಊರೂರು ಅಲೆಯುವುದು ತಪ್ಪುತ್ತದೆ. ಬೆಳಿಗ್ಗೆಯೇ ಹೋಗಿ ಮ್ಯಾನೇಜರನ್ನು ಕಂಡೆ. ಅವರು ಇಸ್ತ್ರಿ ಮುರಿಯದ ಬಿಳಿ ಶರ್ಟಿನಲ್ಲಿ ಗೇಟಿನ ಹೊರಗೆ ನಿಂತಿದ್ದ ಯಂತ್ರದ ಬಳಿ ಕರೆದೊಯ್ದು, ಕಟ್ಟಿಹೋದ ನಿಪ್ಪಲ್ ಬಿಡಿಸಿ ತೋರಿಸು, ಆಮೇಲೆ ಗುತ್ತಿಗೆ ಮಾತು ಅಂದರು.

ಗನ್ ಕಚ್ಚಿಸಿ ಒತ್ತಿದೆ. ಗ್ರೀಸ್ ಒಳಗೆ ಹೋಗಲಿಲ್ಲ. ಸಾರ್, ದೂರ ನಿಲ್ಲಿ ಎಂದು ಮತ್ತೆ ಜೋರಾಗಿ ಒತ್ತಿದೆ. ಹೇಳಿದ ಮಾತು ಕೇಳುವವರು ಮ್ಯಾನೇಜರ್ ಯಾಕಾಗುತ್ತಾರೆ? ಎಲ್ಲಿ ಕಟ್ಟಿದೆ ಎಂದು ಮುಖವನ್ನೇ ಕೀಲಿನ ಹತ್ತಿರ ತಂದರು. ಟಪ್ ಅಂತು. ಹಳೆಯ ಕರಿ ಗ್ರೀಸೆಲ್ಲ ಚಿಮ್ಮಿ ಹಣೆ, ಮೀಸೆ, ಕನ್ನಡಕ ಒಂದನ್ನೂ ಬಿಡದೆ ಮೆತ್ತಿಕೊಂಡಿತು. ಗುತ್ತಿಗೆ ಹೋಯಿತು ಅಂದುಕೊಂಡೆ.

ಅವರು ತೊಳೆದುಕೊಳ್ಳಲು ಗೇಟಿಗೆ ನಡೆದರು. ಅಲ್ಲಿ ಮುಖ ಗುರುತು ಹಿಡಿದರೇ ಬಾಗಿಲು ತೆರೆಯುವ ಮಿಷನ್. ಅದು ಅವರನ್ನು ಗುರುತಿಸಲಿಲ್ಲ. ಬಟ್ಟೆಯಲ್ಲಿ ಒರೆಸಿದರು, ಗ್ರೀಸು ಇನ್ನಷ್ಟು ಹರಡಿತು. ಬಾಗಿಲು ತೆಗಿ ಎಂದು ಕಾವಲುಗಾರನಿಗೆ ಗದರಿದರು. ಅವನು ಕದಲಲಿಲ್ಲ.

"ಮಿಷನ್ ಒಪ್ದಿದ್ರೆ ನಮ್ಮಪ್ಪ ಬಂದ್ರೂ ಬಿಡಬ್ಯಾಡ ಅಂತ ನೀವೇ ಹೇಳಿದ್ರಿ ಕದಾ ಸಾರ್."

ಬೆಳಿಗ್ಗೆ ನನ್ನ ಮುಖವನ್ನೂ ಮಿಷನ್ನಿಗೆ ಸೇರಿಸಿಕೊಂಡಿದ್ದರು. ಒಳಗೆ ಹೋಗಿ ಸೋಪು ತಗೊಂಬಾ ಎಂದು ಮ್ಯಾನೇಜರು ನನ್ನನ್ನೇ ಕಳಿಸಿದರು. ನಾನು ಎದುರು ನಿಂತದ್ದೇ ಬಾಗಿಲು ತೆರೆಯಿತು. ಸೋಪು ತಂದೆ. ಅವರು ಗೇಟಿನ ಕಂಬಿಯ ಸಂದಿಯಿಂದ ಕೈ ಚಾಚಿದರು.

ನಾನು ಸೋಪನ್ನು ಕೈಯಲ್ಲೇ ಹಿಡಿದುಕೊಂಡು, "ಸಾರ್, ಆ ಗುತ್ತಿಗೆ ವಿಚಾರ ಏನ್ ಮಾಡಿದ್ರಿ?" ಅಂದೆ.

ಅವರಿಗೆ ಮುಖ ಸಿಕ್ಕಿತು, ನನಗೆ ಗುತ್ತಿಗೆ ಸಿಕ್ಕಿತು.