ನಲವತ್ತು ಶತ್ರುಗಳ ಕನಸು

ಪಸ್ತಾಸಾ ಹೊಳೆಯ ದಡದ ತಿರಿಯಾತ್ಸನಿಗೆ ಆವತ್ತು ಬೇಟೆಗೆ ಹೋಗುವ ಮನಸ್ಸಿರಲಿಲ್ಲ, ಅಷ್ಟೇ. ಮಧ್ಯಾಹ್ನದ ವಿಮಾನದಲ್ಲಿ ಒಬ್ಬ ಪರದೇಶದ ಹೆಂಗಸು ಬರುವವಳಿದ್ದಳು. ವಿಮಾನ ಇಳಿಯುವ ಬಯಲಲ್ಲಿ ಕಾದು ನಿಂತು ಅವಳ ಗಂಟು ಹೊತ್ತವನ ಮನೆಗೇ ಅವಳು ಅತಿಥಿ. ಹೋದ ಸಲದ ಅತಿಥಿಯ ಗಂಟು ಪಕ್ಕದ ಮನೆಯ ಷಡ್ಡಕ ಕಾಶಿಹಿಂತನ ಹೆಗಲೇರಿತ್ತು.

ಹೆಂಡತಿ ಚುಯಿಂತ್ ನಾಲ್ಕು ದಿನದಿಂದ ಬೆಂದ ಮರಗೆಣಸು ಜಗಿದು ಗಡಿಗೆಗೆ ಉಗಿದು, ಹುಳಿಬರಿಸಿ, ಅತಿಥಿಗೆಂದು ಗಡಿಗೆ ತುಂಬ ಹುಳಿಗಂಜಿ ಮಾಡಿಟ್ಟಿದ್ದಳು. "ಈ ಸಲವೂ ಅತಿಥಿ ಅಕ್ಕನ ಮನೆಗೇ ಹೋದ್ರೆ ನಿಮಗೊಂದು ತೊಟ್ಟೂ ಕೊಡಲ್ಲ, ನೋಡಿ!" ಅಂದಿದ್ದಳು. ಗಂಜಿ ಗಡಿಗೆಗೆ ಗಂಡಸರು ಕೈಹಾಕುವ ಹಾಗಿಲ್ಲ. ಅವಳು ಬಡಿಸಿದರೆ ಉಂಟು.

ನಸುಕಿನಲ್ಲಿ ಎಲ್ಲರೂ ತಿರಿಯಾತ್ಸನ ಮನೆಯ ಒಲೆ ಸುತ್ತ ಕೂತು ಎಲೆಕಷಾಯ ಕುಡಿಯುವಾಗ ಮಾವ ಮುಕುಚಾಮ್ ಎಂದಿನಂತೆ ಕೇಳಿದ, "ಕನಸಲ್ಲಿ ಏನೇನು ಕಂಡಿರಪ್ಪ?"

ಕೆಟ್ಟ ಕನಸು ಬಿದ್ದವನು ಆ ದಿನ ಕಾಡಿಗೆ ಕಾಲಿಡುವುದಿಲ್ಲ. ತಿರಿಯಾತ್ಸ ಮುಖ ಸಣ್ಣದು ಮಾಡಿದ. "ಅಯ್ಯೋ ಮಾವ, ನಲವತ್ತು ಜನ ಶತ್ರುಗಳು ಈಟಿ ಹಿಡಕೊಂಡು ಮೈಮೇಲೆ ಬಿದ್ರು!"

ಮುದುಕನ ಮುಖ ಅರಳಿತು. "ಕನಸಿನ ಮನುಷ್ಯ ಅಂದ್ರೆ ಕಾಡುಹಂದಿ ಕಣೋ! ಈಟಿ ಅಂದ್ರೆ ಕೋರೆ! ನಲವತ್ತು! ಏಳ್ರೋ ಎಲ್ಲಾ!"

ತಿರಿಯಾತ್ಸ ನಾಲಿಗೆ ಕಚ್ಚಿಕೊಂಡ. ಅವನಿಗೂ ಅದು ಗೊತ್ತಿದ್ದದ್ದೇ, ಅವಸರದಲ್ಲಿ ಮರೆತಿದ್ದ. "ನಾಲ್ಕೇ ಜನ ಇದ್ರೇನೋ ಮಾವ..."

"ಬಾಯ್ಮುಚ್ಚು. ಕಂಡವನೇ ಮುಂದೆ ನಡೀಬೇಕು."

"ನಂಗಂತೂ ಏನೂ ಬೀಳಲಿಲ್ಲಪ್ಪ. ಮನೇಲೇ ಇರ್ತೀನಿ" ಅಂತ ಕಾಶಿಹಿಂತ್ ಹಲ್ಲುಕಿರಿದ.

ಹೊತ್ತು ನೆತ್ತಿಗೆ ಬಂದರೂ ಕಾಡಿನಲ್ಲಿ ಒಂದು ಗೊರಸಿನ ಗುರುತಿಲ್ಲ. ಮೇಲೆ ವಿಮಾನ ಗುಂಯ್ ಅಂತು. ತಿರಿಯಾತ್ಸ ಹೊಟ್ಟೆನೋವೆಂದು ಪೊದೆಗೆ ನುಸುಳಿದವನು ಊರ ಕಡೆ ಓಟ ಕಿತ್ತ. ಓಡಿ ಓಡಿ, ಕೆಸರಲ್ಲಿ ಹೊರಳುತ್ತಿದ್ದ ಹಂದಿ ಹಿಂಡಿನ ನಡುವೆಯೇ ಹೋಗಿ ಬಿದ್ದ. ಅಳಿಲಿನ ಹಾಗೆ ಮರ ಹತ್ತಿ ಬೊಬ್ಬೆ ಹೊಡೆದ. ಉಳಿದವರು ಬಂದು ಮೂರು ಹಂದಿ ಕೆಡವಿದರು.

"ಎಂಥಾ ಕನಸುಗಾರ ನೋಡ್ರೋ ನನ್ನಳಿಯ!" ಅಂದ ಮಾವ, ಮರದ ಬುಡದಲ್ಲಿ ನಿಂತು.

ಊರಿಗೆ ಬಂದರೆ ಅತಿಥಿ ಕಾಶಿಹಿಂತನ ಮನೆಯಲ್ಲಿ ಕೂತಾಗಿತ್ತು. ಚುಯಿಂತ್ ಗಡಿಗೆಯ ಬಾಯಿಗೆ ಎಲೆ ಮುಚ್ಚಿದಳು.

ಆದರೆ ಕನಸುಗಾರನ ಸುದ್ದಿ ಕೇಳಿ ಆ ಹೆಂಗಸು ಮಾರನೇ ಬೆಳಿಗ್ಗೆ ತಾನಾಗಿಯೇ ತಿರಿಯಾತ್ಸನ ಒಲೆಯ ಬಳಿಗೆ ಬಂದಳು. ಅವನಿಗೆ ಹೋದ ಜೀವ ಬಂದಂತಾಯಿತು. ಮಾವ ಕೇಳಿದಾಗ ಈ ಸಲ ನಿಜವನ್ನೇ ಹೇಳಿದ. "ಏನೂ ಬೀಳಲಿಲ್ಲ ಮಾವ. ಕೊರಡಿನ ಹಾಗೆ ಮಲಗಿದ್ದೆ."

ಮುಕುಚಾಮ್ ಅವನನ್ನೇ ದಿಟ್ಟಿಸಿದ. ಆಮೇಲೆ ಉಳಿದವರ ಕಡೆ ತಿರುಗಿ ಪಿಸುಗುಟ್ಟಿದ, "ಬಾಯಿ ಬಿಡ್ತಿಲ್ಲ ನೋಡ್ರೋ! ಭಾರೀ ದೊಡ್ಡದೇ ಕಂಡಿದ್ದಾನೆ." ಬೇಟೆಗೆ ಬಾಣ ಊದುವ ಕೊಳವೆ ತಂದು ಅಳಿಯನ ಕೈಗಿಟ್ಟ.

ಚುಯಿಂತ್ ನಗುನಗುತ್ತ ಗಡಿಗೆಯ ಎಲೆ ತೆಗೆದಳು. ಮೊದಲ ಬಟ್ಟಲು ಅತಿಥಿಗೆ. ಎರಡನೆಯದು, "ನಂಗೂ ಏನೂ ಬೀಳಲಿಲ್ಲಪ್ಪ" ಅನ್ನುತ್ತ ಮಣೆ ಎಳೆದುಕೊಂಡ ಷಡ್ಡಕನಿಗೆ.